ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದಾಗ ಗರ್ಭಕೋಶದ ಕ್ಯಾನ್ಸರಿಗೆ ವಿಕಿರಣ

(ದಾವಣಗೆರೆಯಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ತಾಯಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ ನಮಸ್ಕಾರ.

ಗರ್ಭಕೋಶದ ಕ್ಯಾನ್ಸರ್ ಆರಂಭದ ಹಂತದಲ್ಲೇ ಸಿಕ್ಕಿದೆ, ಆದರೆ ರೋಗಿಯ ಹೃದಯವೋ ಶ್ವಾಸಕೋಶವೋ ಶಸ್ತ್ರಚಿಕಿತ್ಸೆಯನ್ನು ತಡೆದುಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ವೈದ್ಯರು ಹೇಳಿದಾಗ, ಆ ಮಾತಿನ ಮೊದಲರ್ಧ ಮನೆಯವರ ಕಿವಿಗೆ ಬೀಳುವುದೇ ಇಲ್ಲ. "ಆಪರೇಷನ್ ಆಗಲ್ಲ ಅಂದ್ರು" ಎಂಬ ಎರಡನೆಯ ಅರ್ಧವಷ್ಟೇ ಊರಿಗೆ ತಲುಪುತ್ತದೆ. ಅಲ್ಲಿಂದ ಮುಂದೆ ನಾಟಿ ಔಷಧಿ, ಹರಕೆ, ನೋವಿಗೊಂದು ಮಾತ್ರೆ, ಅಷ್ಟೇ. ಈ ರೋಗಕ್ಕೆ, ಈ ಹಂತದಲ್ಲಿ, ಗರ್ಭಕೋಶವನ್ನು ಅದರ ಜಾಗದಲ್ಲೇ ಬಿಟ್ಟು ವಿಕಿರಣದಿಂದ ಗುಣಪಡಿಸುವ ಉದ್ದೇಶದ ಚಿಕಿತ್ಸೆಯೊಂದಿದೆ ಎಂಬುದನ್ನೂ, ಅದನ್ನು ಸಮಾಧಾನಕ್ಕೆ ಕೊಡುವ ಚಿಕಿತ್ಸೆಯೆಂದು ತಿಳಿಯಬಾರದು ಎಂಬುದನ್ನೂ ಹೇಳುವುದಕ್ಕಾಗಿಯೇ ನಾನು ಇಂದು ಇಲ್ಲಿ ನಿಂತಿದ್ದೇನೆ. ಜೊತೆಗೆ ಇನ್ನೊಂದು ಮಾತನ್ನೂ ಒತ್ತಿ ಹೇಳಬೇಕಾಗಿದೆ. ಆ ದಾರಿ ಹಿಡಿಯುವ ಮೊದಲು "ಆಪರೇಷನ್ ಆಗುವುದಿಲ್ಲ" ಎಂಬ ತೀರ್ಮಾನವೇ ಸರಿಯಾದ ಪರೀಕ್ಷೆಗಳ ಮೇಲೆ ನಿಂತಿರಬೇಕು. ಈ ಎರಡರಲ್ಲಿ ಯಾವುದನ್ನು ಬಿಟ್ಟರೂ ರೋಗಿಗೆ ಅನ್ಯಾಯವಾಗುತ್ತದೆ.

ಮೊದಲು ರೋಗದ ಗುರುತು. ಗರ್ಭಕೋಶದ ಬಾಯಿಯಲ್ಲಿ, ಅಂದರೆ ಗರ್ಭಕಂಠದಲ್ಲಿ ಬರುವ ಕ್ಯಾನ್ಸರ್ ಬೇರೆ, ಗರ್ಭಕೋಶದ ಒಳಪದರದಲ್ಲಿ ಬರುವ ಕ್ಯಾನ್ಸರ್ ಬೇರೆ. ಮೊದಲನೆಯದು ನಮ್ಮ ಹಳ್ಳಿಗಳಲ್ಲಿ ಹೆಚ್ಚು ಪರಿಚಿತ. ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಆ ಕಾಯಿಲೆಗೆ ಲಸಿಕೆಯೂ ಇದೆ, ಮುಂಚಿತ ತಪಾಸಣೆಯೂ ಇದೆ. ಇಂದಿನ ವಿಷಯ ಎರಡನೆಯದು. ಇದು ಬಹುಪಾಲು ಮುಟ್ಟು ನಿಂತ ಮೇಲೆ, ಐವತ್ತೈದು ಅರವತ್ತರ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಲಸಿಕೆಯಿಲ್ಲ, ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಯನ್ನು ನಂಬಿಕೊಂಡು ಕೂರುವಂತೆಯೂ ಇಲ್ಲ. ಆದರೆ ಅದು ಬೇಗ ಸುಳಿವು ಕೊಡುವ ರೋಗ. ಈ ಕ್ಯಾನ್ಸರ್ ಬಂದ ಹೆಂಗಸರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಮುಟ್ಟು ನಿಂತ ಮೇಲೆ ರಕ್ತಸ್ರಾವ ಆಗಿರುತ್ತದೆ. ತಿರುಗಿಸಿ ನೋಡಿದರೆ, ಹಾಗೆ ರಕ್ತ ಕಂಡ ನೂರು ಮಂದಿಯಲ್ಲಿ ಕ್ಯಾನ್ಸರ್ ಇರುವುದು ಸುಮಾರು ಒಂಬತ್ತು ಮಂದಿಗೆ ಮಾತ್ರ. ಆದ್ದರಿಂದ ಹೆದರಬೇಕಿಲ್ಲ. ಆದರೆ "ಮುಟ್ಟು ತಿರುಗಿ ಬಂತು, ಮೈ ಕಾವು ಹೆಚ್ಚಾಗಿರಬೇಕು" ಎಂದು ಎಳನೀರು ಕುಡಿದು ಸುಮ್ಮನಾಗುವಂತೆಯೂ ಇಲ್ಲ. ಒಂದು ಹನಿ ಕಂಡರೂ, ಕಂದು ಬಣ್ಣದ ಸೆರಗು ಹೋದರೂ, ಸ್ತ್ರೀರೋಗ ತಜ್ಞರ ಬಳಿ ಹೋಗಬೇಕು. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಒಳಪದರ 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ. ದಪ್ಪವಾಗಿದ್ದರೆ, ಅಥವಾ ತೆಳುವಾಗಿದ್ದೂ ರಕ್ತಸ್ರಾವ ಮರುಕಳಿಸಿದರೆ, ಒಳಪದರದ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸಬೇಕು. ಚೂರು ತೆಗೆದರೆ ರೋಗ ಹರಡುತ್ತದೆ ಎಂಬ ಭಯ ಈ ಭಾಗದಲ್ಲಿ ಇನ್ನೂ ಇದೆ. ಅದಕ್ಕೆ ಆಧಾರವಿಲ್ಲ. ಆ ಚೂರಿನ ವರದಿಯಿಲ್ಲದೆ ಯಾವ ಚಿಕಿತ್ಸೆಯನ್ನೂ ಆರಂಭಿಸಲಾಗದು.

ಈಗ ವಿಷಯದ ತಿರುಳಿಗೆ ಬರುತ್ತೇನೆ. ಈ ರೋಗ ಯಾರಿಗೆ ಹೆಚ್ಚು ಬರುತ್ತದೆ? ಅಂಡಾಶಯಗಳು ಕೆಲಸ ನಿಲ್ಲಿಸಿದ ಮೇಲೂ ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಪೂರ್ತಿ ನಿಲ್ಲುವುದಿಲ್ಲ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಹಾರ್ಮೋನುಗಳನ್ನು ಕೊಬ್ಬಿನ ಅಂಗಾಂಶದಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಕೊಬ್ಬು ಹೆಚ್ಚಿದ್ದಷ್ಟೂ ಆ ಮಾರ್ಪಾಡು ಹೆಚ್ಚು. ಅದಕ್ಕೆ ಎದುರಾಗಿ ನಿಲ್ಲಬೇಕಾದ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಮುಟ್ಟು ನಿಂತ ದೇಹದಲ್ಲಿ ಇರುವುದಿಲ್ಲವಾದ್ದರಿಂದ ಗರ್ಭಕೋಶದ ಒಳಪದರ ವರ್ಷಗಟ್ಟಲೆ ಬೆಳೆಯಲು ಪ್ರಚೋದನೆ ಪಡೆಯುತ್ತಲೇ ಇರುತ್ತದೆ. ಸ್ಥೂಲಕಾಯ, ಸಕ್ಕರೆ ಕಾಯಿಲೆ, ಮಕ್ಕಳಾಗದಿರುವುದು, ತಡವಾಗಿ ಮುಟ್ಟು ನಿಲ್ಲುವುದು, ಸ್ತನ ಕ್ಯಾನ್ಸರಿಗೆಂದು ತೆಗೆದುಕೊಂಡ ಟ್ಯಾಮಾಕ್ಸಿಫೆನ್, ಕೆಲವು ಕುಟುಂಬಗಳಲ್ಲಿ ಬರುವ ಲಿಂಚ್ ಸಿಂಡ್ರೋಮ್ ಎಂಬ ಅನುವಂಶಿಕ ದೋಷ, ಇವೆಲ್ಲ ಈ ರೋಗದ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಈ ಪಟ್ಟಿಯ ಮೊದಲೆರಡನ್ನು ಮತ್ತೊಮ್ಮೆ ನೋಡಿ. ಯಾವ ದೇಹಸ್ಥಿತಿ ಈ ಕ್ಯಾನ್ಸರನ್ನು ತರುತ್ತದೆಯೋ ಅದೇ ದೇಹಸ್ಥಿತಿ ಹೃದಯದ ಕಾಯಿಲೆಯನ್ನೂ, ಏರಿದ ಬಿಪಿಯನ್ನೂ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯನ್ನೂ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದನ್ನೂ ತರುತ್ತದೆ. ಹೀಗಾಗಿ ಶಸ್ತ್ರಚಿಕಿತ್ಸೆಯಿಂದ ಸುಲಭವಾಗಿ ಗುಣವಾಗುವ ಹಂತದಲ್ಲಿ ಸಿಗುವ ರೋಗ, ಶಸ್ತ್ರಚಿಕಿತ್ಸೆಗೆ ಒಗ್ಗದ ದೇಹದಲ್ಲೇ ಹೆಚ್ಚಾಗಿ ಸಿಗುತ್ತದೆ. ಈ ಇಕ್ಕಟ್ಟಿಗೆ ಯಾರೂ ಹೊಣೆಯಲ್ಲ, ಇದು ರೋಗದ ಸ್ವಭಾವದಲ್ಲೇ ಇದೆ.

ಮೊದಲ ಆಯ್ಕೆ ಶಸ್ತ್ರಚಿಕಿತ್ಸೆಯೇ, ಇದರಲ್ಲಿ ಅನುಮಾನ ಬೇಡ. ಗರ್ಭಕೋಶವನ್ನೂ ಎರಡೂ ಕಡೆಯ ಅಂಡನಾಳ ಮತ್ತು ಅಂಡಾಶಯಗಳನ್ನೂ ತೆಗೆದು, ಅಗತ್ಯವಿದ್ದಲ್ಲಿ ರೋಗ ಹರಡುವ ದಾರಿಯಲ್ಲಿರುವ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ಪರೀಕ್ಷಿಸಿದರೆ ರೋಗವೂ ಹೋಗುತ್ತದೆ, ಅದು ಎಷ್ಟು ಆಳಕ್ಕೆ ಹೋಗಿತ್ತು ಎಂಬುದೂ ಖಚಿತವಾಗುತ್ತದೆ. ವಿಕಿರಣ ತಜ್ಞನಾಗಿ ನಾನು ಈ ಮಾತನ್ನು ಹೇಳುವಾಗ ಕೆಲವರು ಆಶ್ಚರ್ಯಪಡುತ್ತಾರೆ. ಆದರೆ ಶಸ್ತ್ರಚಿಕಿತ್ಸೆ ಮಾಡಬಹುದಾಗಿದ್ದ ರೋಗಿಯನ್ನು ಸುಮ್ಮನೆ ನಮ್ಮ ವಿಭಾಗಕ್ಕೆ ಕಳಿಸುವುದು ನಮಗೆ ಸಂತೋಷದ ವಿಷಯವಲ್ಲ. ತೂಕ ಹೆಚ್ಚು ಎಂಬ ಒಂದೇ ಕಾರಣಕ್ಕೆ, ವಯಸ್ಸು ಎಪ್ಪತ್ತೈದು ದಾಟಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅನರ್ಹರೆಂದು ಬದಿಗೆ ಸರಿಸಬಾರದು. ಹೊಟ್ಟೆ ಕೊಯ್ಯದೆ ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ಬಂದ ಮೇಲೆ ಗಾಯ ಕೀವಾಗುವುದು, ಆಸ್ಪತ್ರೆಯಲ್ಲಿ ಹೆಚ್ಚು ದಿನ ಮಲಗುವುದು ಎಲ್ಲವೂ ಕಡಿಮೆಯಾಗಿದೆ. ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆ ಸ್ಥೂಲಕಾಯದವರಲ್ಲೂ ಸಾಧ್ಯವಾಗುತ್ತಿದೆ. ಕೆಲವರಲ್ಲಿ ಯೋನಿಯ ಮಾರ್ಗದಿಂದಲೇ ಗರ್ಭಕೋಶವನ್ನು ತೆಗೆಯಬಹುದು. ಆದರೆ ಲ್ಯಾಪರೋಸ್ಕೋಪಿಗೂ ಒಂದು ಮಿತಿಯಿದೆ. ಹೊಟ್ಟೆಗೆ ಗಾಳಿ ತುಂಬಿ, ತಲೆ ಕೆಳಗಾಗುವಂತೆ ಮೇಜನ್ನು ಓರೆ ಮಾಡಿ, ಒಂದೆರಡು ಗಂಟೆ ಆ ಸ್ಥಿತಿಯಲ್ಲೇ ಇರಿಸಬೇಕಾಗುತ್ತದೆ. ನೂರು ಕಿಲೋ ತೂಕದ, ದುರ್ಬಲ ಹೃದಯದ ಹೆಂಗಸಿಗೆ ಹೊಟ್ಟೆಯ ಭಾರವೆಲ್ಲ ಎದೆಯ ಮೇಲೆ ಬಂದು ಕೂರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಇದು ಯಾರೋ ಒಬ್ಬರ ಕಥೆಯಲ್ಲ, ಹಲವರಲ್ಲಿ ಕಂಡದ್ದನ್ನು ಒಂದೆಡೆ ಸೇರಿಸಿದ್ದೇನೆ. ಜಗಳೂರು ಕಡೆಯ ಒಬ್ಬ ಅಜ್ಜಿ ಎಂದುಕೊಳ್ಳಿ. ವಯಸ್ಸು ಅರವತ್ತೆಂಟು, ತೂಕ 104 ಕಿಲೋ, ಹಳೆಯ ಸಕ್ಕರೆ ಕಾಯಿಲೆ, ನಾಲ್ಕು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಮುಟ್ಟು ನಿಂತು ಹದಿನೆಂಟು ವರ್ಷವಾದ ಮೇಲೆ ರಕ್ತ ಕಂಡಿದೆ. ಚೂರಿನ ವರದಿಯಲ್ಲಿ ಮೊದಲನೆಯ ದರ್ಜೆಯ, ಅಂದರೆ ಉಗ್ರತೆ ಕಡಿಮೆಯಿರುವ, ಎಂಡೋಮೆಟ್ರಿಯಾಯ್ಡ್ ಎಂಬ ಸಾಮಾನ್ಯ ಬಗೆಯ ಕ್ಯಾನ್ಸರ್ ಎಂದು ಬಂದಿದೆ. ಮಗ ಹೇಳುವುದು ಹೀಗೆ: "ಸಾರ್, ಮೆಕ್ಕೆಜೋಳ ಮುರಿಯಾದು ಐತಿ, ಸುಗ್ಗಿ ಮುಗಿಸ್ಕೊಂಡು ಅವ್ವನ್ನ ಕರ್ಕೊಂಡು ಬರ್ತೀನಿ. ಹೆಂಗಿದ್ರೂ ಆಪರೇಷನ್ ಆಗಲ್ಲ ಅಂದಾರಲ್ಲ." ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಈ ಅಡ್ಡಿ ಶಾಶ್ವತವೋ ತಾತ್ಕಾಲಿಕವೋ ಎಂಬುದು. ಸ್ಟೆಂಟ್ ಹಾಕಿದ ಹೊಸದರಲ್ಲಿ ಆಸ್ಪಿರಿನ್ ಜೊತೆಗೆ ಕ್ಲೊಪಿಡೋಗ್ರೆಲ್‌ನಂತಹ ಇನ್ನೊಂದು ರಕ್ತ ತೆಳುವಾಗಿಸುವ ಮಾತ್ರೆಯನ್ನು ಕೆಲವು ತಿಂಗಳು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಳ್ಳಬಹುದು, ನಿಲ್ಲಿಸದೆ ಕೊಯ್ದರೆ ರಕ್ತ ನಿಲ್ಲದಿರಬಹುದು. ಹೃದಯ ತಜ್ಞರು ಎಕೋ ಮಾಡಿ ಹೃದಯದ ಶಕ್ತಿ ಚೆನ್ನಾಗಿದೆ, ಇನ್ನೆರಡು ತಿಂಗಳಲ್ಲಿ ಒಂದು ಮಾತ್ರೆ ನಿಲ್ಲಿಸಬಹುದು ಎಂದರೆ, ರೋಗದ ದರ್ಜೆ ಕೆಳಗಿರುವಾಗ ಅಲ್ಲಿಯತನಕ ಪ್ರೊಜೆಸ್ಟರಾನ್ ಮಾತ್ರೆಯನ್ನೋ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವನ್ನೋ ಕೊಟ್ಟು ಕಾಯುವುದು ಒಂದು ದಾರಿ. ಏರಿದ ಸಕ್ಕರೆಯನ್ನು ಇಳಿಸಬಹುದು, ರಕ್ತಹೀನತೆಯನ್ನು ಸರಿಪಡಿಸಬಹುದು. ಆದರೆ ಹೃದಯದ ಪಂಪು ಅರ್ಧಕ್ಕಿಂತ ಬಹಳ ಕೆಳಗಿಳಿದಿದ್ದರೆ, ಮಹಡಿಯ ಹತ್ತು ಮೆಟ್ಟಿಲಿಗೇ ಏದುಸಿರು ಬರುತ್ತಿದ್ದರೆ, ಕಾಯುವುದರಿಂದ ಏನೂ ಬದಲಾಗದು. ಅಂಥವರಿಗೆ ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ಹೃದಯ ತಜ್ಞರು, ವಿಕಿರಣ ತಜ್ಞರು ಒಟ್ಟಾಗಿ ಕೂತು ತೀರ್ಮಾನಿಸಬೇಕು. ಒಬ್ಬರು ಹೊರರೋಗಿ ಚೀಟಿಯ ಮೇಲೆ ಬರೆದ ಒಂದು ಸಾಲಿನ ಮೇಲೆ ಅದು ನಿಲ್ಲಬಾರದು. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಿದರೆ ಮೊದಲಿನ ವೈದ್ಯರಿಗೆ ಬೇಸರವಾಗುತ್ತದೆ ಎಂಬ ಸಂಕೋಚ ನಮ್ಮ ಜನರಲ್ಲಿದೆ. ಬೇಸರವಾದರೆ ಆಗಲಿ.

ಇನ್ನು ವಿಕಿರಣದ ವಿಷಯ. ಊರ ಕಡೆ "ಕರೆಂಟ್ ಕೊಡಿಸುವುದು" ಎಂದು ಕರೆಯುವ ಈ ಚಿಕಿತ್ಸೆ ಗರ್ಭಕೋಶಕ್ಕೆ ಹೊಸದೇನೂ ಅಲ್ಲ. ಮೇರಿ ಮತ್ತು ಪಿಯರ್ ಕ್ಯೂರಿ ದಂಪತಿ 1898ರಲ್ಲಿ ರೇಡಿಯಂ ಎಂಬ, ತಾನಾಗಿಯೇ ವಿಕಿರಣ ಸೂಸುವ ಲೋಹವನ್ನು ಕಂಡುಹಿಡಿದರು. ಸ್ವೀಡನ್ನಿನ ಸ್ಟಾಕ್‌ಹೋಮ್‌ನ ರೇಡಿಯಂಹೆಮೆಟ್ ಆಸ್ಪತ್ರೆಯಲ್ಲಿ ಜೇಮ್ಸ್ ಹೇಮನ್ ಅವರು 1930ರ ದಶಕದಲ್ಲಿ ರೇಡಿಯಂ ತುಂಬಿದ ಪುಟ್ಟ ಕೊಳವೆಗುಳಿಗೆಗಳನ್ನು ಗರ್ಭಕೋಶದ ಒಳಗೆ ಒತ್ತೊತ್ತಾಗಿ ತುಂಬುವ ಪದ್ಧತಿಯನ್ನು ರೂಪಿಸಿದರು. ಗರ್ಭಕೋಶದ ಕುಹರ ಮೇಲ್ಭಾಗದಲ್ಲಿ ಅಗಲವಾಗಿ ಕೆಳಗೆ ಕಿರಿದಾಗಿ ತ್ರಿಕೋನದಂತಿರುವುದರಿಂದ, ನಡುವೆ ಒಂದೇ ನೇರ ಕೊಳವೆ ಇಟ್ಟರೆ ಮೇಲಿನ ಎರಡು ಮೂಲೆಗಳಿಗೆ ವಿಕಿರಣ ಸಾಲದೆ ಹೋಗುತ್ತದೆ ಎಂಬುದನ್ನು ಅವರ ಪದ್ಧತಿ ಪರಿಹರಿಸಿತು. ಅಂದಿನ ವೈದ್ಯರೂ ದಾದಿಯರೂ ತಮ್ಮ ಕೈಗಳಿಂದಲೇ ರೇಡಿಯಂ ಹಿಡಿಯುತ್ತಿದ್ದರು. ರೋಗಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಈಗ ಮೂಲೆಗಳನ್ನು ತಲುಪಲು ವೈ ಅಕ್ಷರದಂತೆ ಕವಲೊಡೆದ ಎರಡು ಕೊಳವೆಗಳ ಸಾಧನ ಬಳಕೆಯಲ್ಲಿದೆ. ರೇಡಿಯಂ ಸಂಪೂರ್ಣ ಹೋಗಿದೆ. ಅದರ ಜಾಗಕ್ಕೆ ಇರಿಡಿಯಂ 192 ಬಂದಿದೆ, ಕೆಲವು ಯಂತ್ರಗಳಲ್ಲಿ ಕೋಬಾಲ್ಟ್ 60 ಇದೆ. ವಿಕಿರಣ ಹೊಮ್ಮಿಸುವ ಇರಿಡಿಯಂ ತುಣುಕು ಕೆಲವೇ ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರಿಗಿಂತ ಕಡಿಮೆ ದಪ್ಪ. ತೆಳುವಾದ ಉಕ್ಕಿನ ತಂತಿಯ ತುದಿಗೆ ಬೆಸೆದಿರುವ ಅದನ್ನು ಯಂತ್ರವೇ ದೂರದಿಂದ ನಡೆಸುತ್ತದೆ, ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ಸುಮಾರು 74 ದಿನಗಳಿಗೊಮ್ಮೆ ಅದರ ಶಕ್ತಿ ಅರ್ಧಕ್ಕೆ ಇಳಿಯುವುದರಿಂದ ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸದನ್ನು ಹಾಕಬೇಕಾಗುತ್ತದೆ.

ಒಳಗಿನಿಂದ ಕೊಡುವ ಈ ವಿಕಿರಣಕ್ಕೆ ಬ್ರಾಕಿಥೆರಪಿ ಎನ್ನುತ್ತಾರೆ. ಅದರ ಬಲ ಇರುವುದು ಒಂದು ಸರಳ ಲೆಕ್ಕದಲ್ಲಿ. ಮೂಲದಿಂದ ದೂರ ಎರಡರಷ್ಟಾದರೆ ವಿಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದಕ್ಕೆ. ಒಲೆಯ ಬಾಯಿಗೆ ಕೈ ಹಿಡಿದವರಿಗೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತವರಿಗೂ ತಾಕುವ ಕಾವಿನಲ್ಲಿ ಎಷ್ಟು ಅಂತರವೋ ಅಷ್ಟು. ಹೀಗಾಗಿ ಗಡ್ಡೆಯ ಮಗ್ಗುಲಲ್ಲೇ ಮೂಲವನ್ನಿಟ್ಟು ಅಲ್ಲಿಗೆ ಅತಿ ಹೆಚ್ಚು ವಿಕಿರಣ ಕೊಟ್ಟರೂ, ಮುಂದಿರುವ ಮೂತ್ರಕೋಶ, ಹಿಂದಿರುವ ಗುದನಾಳ, ಮೇಲೆ ಸುತ್ತಿಕೊಂಡಿರುವ ಕರುಳು ಸಹಿಸುವ ಮಿತಿಯೊಳಗೇ ಉಳಿಯುತ್ತವೆ. ತೂಕ ಹೆಚ್ಚಿರುವವರಿಗೆ ಇದರಿಂದ ವಿಶೇಷ ಅನುಕೂಲವಿದೆ. ಹೊರಗಿನಿಂದ ಹಾಯಿಸುವ ಕಿರಣ ಹೊಟ್ಟೆಯ ದಪ್ಪವನ್ನೆಲ್ಲ ದಾಟಿ ಹೋಗಬೇಕು, ಒಳಗಿನ ಮೂಲಕ್ಕೆ ಆ ದಪ್ಪದ ಗೊಡವೆಯೇ ಇಲ್ಲ.

ಎಲ್ಲರಿಗೂ ಒಂದೇ ಬಗೆಯ ಚಿಕಿತ್ಸೆ ಇಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಾರೆ ಕಂಡು ತೀರ್ಮಾನಿಸುವುದನ್ನು ಇಲ್ಲಿ ಎಂಆರ್‌ಐ ನೋಡಿ ತೀರ್ಮಾನಿಸಬೇಕು. ಗರ್ಭಕೋಶದ ಸ್ನಾಯುಗೋಡೆಯ ಅರ್ಧಕ್ಕಿಂತ ಕಡಿಮೆ ಆಳಕ್ಕೆ ರೋಗ ಹೋಗಿದೆಯೋ, ಅರ್ಧವನ್ನು ದಾಟಿದೆಯೋ, ಗರ್ಭಕಂಠಕ್ಕೆ ಇಳಿದಿದೆಯೋ, ದುಗ್ಧಗ್ರಂಥಿಗಳು ಊದಿವೆಯೋ ಎಂಬುದು ಅದರಲ್ಲಿ ತಿಳಿಯುತ್ತದೆ. ಮೊದಲ ಅಥವಾ ಎರಡನೆಯ ದರ್ಜೆಯ ಕ್ಯಾನ್ಸರ್ ಆಗಿದ್ದು ಗೋಡೆಯೊಳಕ್ಕೆ ಹೆಚ್ಚು ಇಳಿದಿಲ್ಲವಾದರೆ ಬ್ರಾಕಿಥೆರಪಿಯೊಂದೇ ಸಾಕು. ಆಳಕ್ಕೆ ಇಳಿದಿದ್ದರೆ, ಮೂರನೆಯ ದರ್ಜೆಯದಾಗಿದ್ದರೆ, ಸೀರಸ್ ಅಥವಾ ಕ್ಲಿಯರ್ ಸೆಲ್ ಎಂಬ ಉಗ್ರ ಬಗೆಯದಾಗಿದ್ದರೆ, ದುಗ್ಧಗ್ರಂಥಿಗಳಲ್ಲಿ ಕಣ್ಣಿಗೆ ಕಾಣದ ರೋಗ ಅಡಗಿರುವ ಸಾಧ್ಯತೆ ಇರುವುದರಿಂದ ಇಡೀ ಕಿಬ್ಬೊಟ್ಟೆಗೆ ಹೊರಗಿನಿಂದ ವಿಕಿರಣ ಕೊಟ್ಟು, ಅದರ ಮೇಲೆ ಬ್ರಾಕಿಥೆರಪಿ ಕೊಡುತ್ತೇವೆ. ವಿಕಿರಣವನ್ನು ಅಳೆಯುವ ಮಾನಕ್ಕೆ ಗ್ರೇ ಎಂದು ಹೆಸರು. ಹೊರಗಿನಿಂದ ಕೊಡುವಾಗ ದಿನಕ್ಕೆ 1.8 ಗ್ರೇಯಂತೆ, ವಾರಕ್ಕೆ ಐದು ದಿನ, ಐದರಿಂದ ಐದೂವರೆ ವಾರಗಳಲ್ಲಿ 45ರಿಂದ 50.4 ಗ್ರೇ ಆಗುತ್ತದೆ. ಬ್ರಾಕಿಥೆರಪಿಯೊಂದನ್ನೇ ಕೊಡುವುದಾದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ಬಾರಿ, ಪ್ರತಿ ಬಾರಿ 6ರಿಂದ 8.5 ಗ್ರೇ. ಹೊರಗಿನದೂ ಸೇರಿದ್ದರೆ ಎರಡರಿಂದ ಐದು ಬಾರಿ. ಪ್ರತಿ ಬಾರಿಯ ಪ್ರಮಾಣ ಬೇರೆ ಬೇರೆಯಾಗಿರುವುದರಿಂದ ಎಲ್ಲವನ್ನೂ ದಿನಕ್ಕೆ 2 ಗ್ರೇ ಕೊಟ್ಟಾಗಿನ ಲೆಕ್ಕಕ್ಕೆ ಪರಿವರ್ತಿಸಿ ಕೂಡಿಸಿದಾಗ, ಗಡ್ಡೆಯಿರುವ ಜಾಗಕ್ಕೆ 80 ಗ್ರೇ ಅಥವಾ ಹೆಚ್ಚು ಸಿಗಬೇಕು ಎಂಬುದು ಗುರಿ.

ಬ್ರಾಕಿಥೆರಪಿಯ ದಿನ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಭಯದ ಮೂಲ ಅಲ್ಲಿದೆ. ಹಿಂದಿನ ರಾತ್ರಿ ಹಗುರ ಊಟ, ಬೆಳಿಗ್ಗೆ ಖಾಲಿ ಹೊಟ್ಟೆ. ಸಕ್ಕರೆ ಕಾಯಿಲೆಯವರು ಅಂದು ಇನ್ಸುಲಿನ್ ಎಷ್ಟು ತೆಗೆದುಕೊಳ್ಳಬೇಕು ಎಂಬುದನ್ನು ಮೊದಲೇ ಕೇಳಿಕೊಂಡಿರಬೇಕು. ಅರಿವಳಿಕೆ ಇಲ್ಲೂ ಬೇಕು, ಆದರೆ ಸ್ವಲ್ಪ ಹೊತ್ತು ಮಾತ್ರ. ಕೊಯ್ಯುವುದಿಲ್ಲ, ಹೊಟ್ಟೆಗೆ ಗಾಳಿ ತುಂಬುವುದಿಲ್ಲ, ತಲೆ ಕೆಳಗೆ ಮಾಡುವುದಿಲ್ಲ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಬಹುದು. ನಮ್ಮ ಜಗಳೂರಿನ ಅಜ್ಜಿಯಂತೆ ಕ್ಲೊಪಿಡೋಗ್ರೆಲ್ ನಡೆಯುತ್ತಿದ್ದರೆ ಬೆನ್ನಿಗೆ ಸೂಜಿ ಕೊಡುವಂತಿಲ್ಲ, ಹಾಗಾಗಿ ರಕ್ತನಾಳದ ಮೂಲಕ ಮಂಪರು ಬರಿಸಿ ಗರ್ಭಕಂಠದ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ಮೂತ್ರಕೋಶಕ್ಕೆ ನಳಿಕೆ ಹಾಕಿ, ಅದನ್ನು ಸಲೈನಿನಿಂದ ತುಂಬಿಸಿ, ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಹಿಡಿದು ನೋಡುತ್ತಲೇ ಗರ್ಭಕಂಠವನ್ನು ಮೆಲ್ಲಗೆ ಹಿಗ್ಗಿಸುತ್ತಾರೆ. ವಯಸ್ಸಾದವರ ಗರ್ಭಕೋಶದ ಗೋಡೆ ತೆಳುವಾಗಿರುತ್ತದೆ. ಕೊಳವೆಯ ತುದಿ ಗೋಡೆಯನ್ನು ತೂರಿ ಹೊರಗೆ ಹೋಗುವ ಅಪಾಯ ಇರುವುದು ಈ ಘಟ್ಟದಲ್ಲೇ, ಆದ್ದರಿಂದಲೇ ಅಲ್ಟ್ರಾಸೌಂಡಿನ ಕಣ್ಣು ಬೇಕು. ಒಂದು ಕೊಳವೆ ಎಡಮೂಲೆಗೆ, ಇನ್ನೊಂದು ಬಲಮೂಲೆಗೆ. ಎರಡೂ ಕೂತ ಮೇಲೆ ಅಲುಗಾಡದಂತೆ ಯೋನಿಯೊಳಗೆ ಗಾಜ್ ಬಟ್ಟೆಯನ್ನು ತುಂಬುತ್ತಾರೆ. ಇದೇ ಒತ್ತು ಮೂತ್ರಕೋಶವನ್ನೂ ಗುದನಾಳವನ್ನೂ ಒಂದಿಷ್ಟು ದೂರ ತಳ್ಳುತ್ತದೆ.

ಆಮೇಲೆ ರೋಗಿಯನ್ನು ಸ್ಟ್ರೆಚರ್ ಮೇಲೆಯೇ ಸಿಟಿ ಸ್ಕ್ಯಾನಿಗೆ ಒಯ್ದು ಚಿತ್ರ ತೆಗೆಯುತ್ತಾರೆ. ಆ ಚಿತ್ರದ ಪ್ರತಿ ಪದರದ ಮೇಲೂ ವೈದ್ಯರು ಗರ್ಭಕೋಶ, ಮೂತ್ರಕೋಶ, ಗುದನಾಳ, ಕರುಳಿನ ಅಂಚುಗಳನ್ನು ಗೆರೆ ಎಳೆದು ಗುರುತಿಸುತ್ತಾರೆ. ವಿಕಿರಣ ಭೌತವಿಜ್ಞಾನಿಗಳು ಇರಿಡಿಯಂ ತುಣುಕು ಪ್ರತಿ ಕೊಳವೆಯಲ್ಲಿ ಎಲ್ಲೆಲ್ಲಿ ಎಷ್ಟು ಸೆಕೆಂಡು ನಿಲ್ಲಬೇಕು ಎಂದು ಲೆಕ್ಕ ಹಾಕುತ್ತಾರೆ. ರೋಗಿಗೆ ಬೇಸರ ತರುವುದು ಈ ಕಾಯುವ ಹೊತ್ತು. ಕೊಳವೆಗಳನ್ನು ಯಂತ್ರಕ್ಕೆ ಜೋಡಿಸಿ ಎಲ್ಲರೂ ಹೊರಗೆ ಬರುತ್ತಾರೆ, ದಪ್ಪ ಗೋಡೆಯ ಕೋಣೆಯ ಬಾಗಿಲು ಮುಚ್ಚುತ್ತದೆ. ಒಳಗೆ ಕ್ಯಾಮೆರಾ ಇರುತ್ತದೆ, ಮಾತಾಡಲು ಮೈಕ್ ಇರುತ್ತದೆ. ತಂತಿ ಒಳಹೋಗುವ ಕಿರಿ ಸದ್ದು ಕೇಳಿಸುತ್ತದೆ, ಅಷ್ಟೇ. ವಿಕಿರಣ ತಾಕಿದ್ದು ಗೊತ್ತಾಗುವುದಿಲ್ಲ. ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಮುಗಿದು, ತುಣುಕು ಯಂತ್ರದ ಒಳಗಿನ ಕವಚಕ್ಕೆ ವಾಪಸಾಗುತ್ತದೆ. ಕೊಳವೆಗಳನ್ನು ತೆಗೆದು, ಅರಿವಳಿಕೆ ಇಳಿದ ಮೇಲೆ, ಬಹಳಷ್ಟು ಮಂದಿ ಅದೇ ಸಂಜೆ ಮನೆಗೆ ಹೋಗುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಇವರಲ್ಲಿ ಹೆಚ್ಚಾದ್ದರಿಂದ ಮಲಗಿರುವ ಅಷ್ಟು ಹೊತ್ತೂ ಪಾದಗಳನ್ನು ಆಡಿಸಲು ಹೇಳುತ್ತೇವೆ, ಬಿಗಿ ಕಾಲುಚೀಲ ತೊಡಿಸುತ್ತೇವೆ.

ಹೊರಗಿನಿಂದ ಕೊಡುವ ವಿಕಿರಣಕ್ಕೆ ಅರಿವಳಿಕೆಯೂ ಇಲ್ಲ, ಕೊಳವೆಯೂ ಇಲ್ಲ. ದಿನಾ ಮೂತ್ರಕೋಶ ತುಂಬಿಸಿಕೊಂಡು ಬಂದು ಮೇಜಿನ ಮೇಲೆ ಮಲಗಿದರೆ ಹದಿನೈದು ನಿಮಿಷದ ಕೆಲಸ. ಚರ್ಮದ ಮೇಲೆ ಹಾಕಿದ ಗುರುತು ಅಳಿಸಬಾರದು. ತೂಕ ಹೆಚ್ಚಿರುವವರಲ್ಲಿ ಹೊಟ್ಟೆಯ ಮಡಿಕೆ ದಿನಕ್ಕೊಂದು ರೀತಿ ಕೂರುವುದರಿಂದ ಆ ಗುರುತನ್ನಷ್ಟೇ ನಂಬುವಂತಿಲ್ಲ, ಯಂತ್ರದಲ್ಲೇ ಚಿತ್ರ ತೆಗೆದು ಸರಿ ನೋಡಿಕೊಳ್ಳಬೇಕು. ಮೇಜಿಗೂ ಒಂದು ತೂಕದ ಮಿತಿ ಇರುತ್ತದೆ. ದೂರದ ಊರಿಗೆ ಹೊರಡುವ ಮುನ್ನ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು.

ಫಲಿತಾಂಶ ಏನು? ಶಸ್ತ್ರಚಿಕಿತ್ಸೆಗೆ ಒಗ್ಗದ ಗರ್ಭಕೋಶದ ಕ್ಯಾನ್ಸರ್ ರೋಗಿಗಳಿಗೆ ಬ್ರಾಕಿಥೆರಪಿ ಒಳಗೊಂಡ ವಿಕಿರಣ ಕೊಟ್ಟ ವರದಿಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಅದರಲ್ಲಿ 2,600ಕ್ಕೂ ಹೆಚ್ಚು ರೋಗಿಗಳ ವಿವರವಿತ್ತು. ಐದು ವರ್ಷದ ಹೊತ್ತಿಗೆ ಗರ್ಭಕೋಶದಲ್ಲಿ ರೋಗ ಹತೋಟಿಯಲ್ಲಿದ್ದವರು ನೂರಕ್ಕೆ ಸುಮಾರು 80. ಈ ಕ್ಯಾನ್ಸರಿನಿಂದ ಸಾವು ಬಾರದೆ ಉಳಿದವರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಐದು ವರ್ಷ ಬದುಕಿದ್ದವರು ನೂರಕ್ಕೆ ಐವತ್ತಮೂರರ ಆಸುಪಾಸು ಮಾತ್ರ. ಈ ಕೊನೆಯ ಅಂಕಿಯನ್ನು ಮೊದಲ ಸಲ ನೋಡಿದವರು ವಿಕಿರಣ ಅಷ್ಟೇನೂ ಕೆಲಸ ಮಾಡುವುದಿಲ್ಲ ಎಂದು ತಿಳಿಯುತ್ತಾರೆ. ಎರಡು ಅಂಕಿಗಳ ನಡುವೆ ಇರುವ ಅಂತರದಲ್ಲಿ ಹೃದಯಾಘಾತವಿದೆ, ಪಾರ್ಶ್ವವಾಯುವಿದೆ, ಮೂತ್ರಪಿಂಡ ವೈಫಲ್ಯವಿದೆ, ವೃದ್ಧಾಪ್ಯವಿದೆ. ಅವರನ್ನು ಶಸ್ತ್ರಚಿಕಿತ್ಸೆಯಿಂದ ದೂರವಿಟ್ಟ ಕಾಯಿಲೆಗಳೇ ಮುಂದೆ ಅವರ ಜೀವ ತೆಗೆದವು. ಆದ್ದರಿಂದ ವಿಕಿರಣ ಮುಗಿದ ದಿನ ಬಿಪಿ ಮಾತ್ರೆ, ಸಕ್ಕರೆ ಮಾತ್ರೆಗಳನ್ನು ಹಗುರವಾಗಿ ಕಾಣಬೇಡಿ. ಕ್ಯಾನ್ಸರಿಗೆ ಖರ್ಚು ಮಾಡಿ ಸುಸ್ತಾಗಿ, ತಿಂಗಳಿಗೆ ನೂರಿನ್ನೂರು ರೂಪಾಯಿಯ ಹೃದಯದ ಮಾತ್ರೆಯನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ.

ಆ ವರದಿಗಳಲ್ಲಿ ಹಳೆಯ ಕಾಲದ, ಎಂಆರ್‌ಐ ಇಲ್ಲದ ದಿನಗಳ ಚಿಕಿತ್ಸೆಗಳೂ ಸೇರಿವೆ ಎಂಬುದನ್ನು ನೆನಪಿಡಬೇಕು. ಶಸ್ತ್ರಚಿಕಿತ್ಸೆಗೂ ವಿಕಿರಣಕ್ಕೂ ನೇರ ಪೈಪೋಟಿಯ ಪ್ರಯೋಗವನ್ನು ಇಂಥ ರೋಗಿಗಳಲ್ಲಿ ಮಾಡುವುದು ಸಾಧ್ಯವೂ ಅಲ್ಲ. ಶಸ್ತ್ರಚಿಕಿತ್ಸೆಗೆ ಹೋದ ಗುಂಪಿನಲ್ಲಿ ಗಟ್ಟಿ ದೇಹದವರೇ ಇರುತ್ತಾರೆ, ಆದ್ದರಿಂದ ಎರಡೂ ಗುಂಪುಗಳ ಆಯಸ್ಸನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ದಾರಿ ತಪ್ಪುತ್ತೇವೆ.

ತೊಂದರೆಗಳು ಇಲ್ಲವೆಂದಲ್ಲ. ಚಿಕಿತ್ಸೆ ನಡೆಯುವಾಗ ಆಯಾಸ, ಪದೇ ಪದೇ ಮೂತ್ರ, ಉರಿಮೂತ್ರ, ಹೊರಗಿನ ವಿಕಿರಣವೂ ಇದ್ದರೆ ಭೇದಿ. ಮಜ್ಜಿಗೆ ಅನ್ನ, ಖಾರ ಕಡಿಮೆ ಮಾಡಿದ ಊಟ, ಸಾಕಷ್ಟು ನೀರು, ವೈದ್ಯರು ಕೊಟ್ಟ ಮಾತ್ರೆ, ಇಷ್ಟರಲ್ಲೇ ಅದು ಹಿಡಿತಕ್ಕೆ ಬರುತ್ತದೆ. ತಿಂಗಳುಗಳು ಕಳೆದ ಮೇಲೆ ಕೆಲವರಿಗೆ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಾಣಬಹುದು. ತೀವ್ರವಾದ ತಡವಾದ ತೊಂದರೆಗಳು ನೂರರಲ್ಲಿ ಮೂರು ನಾಲ್ಕು ಮಂದಿಗೆ ಬಂದಿರುವುದನ್ನು ಅದೇ ಸಮೀಕ್ಷೆ ತೋರಿಸಿದೆ. ಯೋನಿ ಕಿರಿದಾಗುವುದು ಇನ್ನೊಂದು. ಅದಕ್ಕೆ ಹಿಗ್ಗಿಸುವ ಸಾಧನವನ್ನು ವಾರಕ್ಕೆ ಕೆಲವು ಸಲ ಬಳಸಬೇಕು. ಈ ಮಾತನ್ನು ಹೇಳಲು ವೈದ್ಯರೂ ನಾಚುತ್ತಾರೆ, ಕೇಳಲು ರೋಗಿಗಳೂ ನಾಚುತ್ತಾರೆ. ಫಲವಾಗಿ ಮುಂದಿನ ತಪಾಸಣೆಯಲ್ಲಿ ಒಳಗೆ ನೋಡುವುದೇ ಕಷ್ಟವಾಗುತ್ತದೆ. ಗಂಡ ಇಲ್ಲದ ಅಜ್ಜಿಗೂ ಅದು ಬೇಕು ಎಂಬುದನ್ನು ದಾದಿಯರು ಬಿಡಿಸಿ ಹೇಳಬೇಕು.

ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಸೇರಿಸುತ್ತೇನೆ. ಚಿಕಿತ್ಸೆ ಮುಗಿಸಿ ಬಂದವರ ಮೈಯಿಂದ ವಿಕಿರಣ ಸೂಸುತ್ತದೆಯೇ, ಮೊಮ್ಮಗುವನ್ನು ಎತ್ತಿಕೊಳ್ಳಬಹುದೇ ಎಂದು ಒಬ್ಬ ತಾಯಿ ಕೇಳಿದರು. ಇರಿಡಿಯಂ ಯಂತ್ರಕ್ಕೆ ಮರಳಿದ ಕ್ಷಣದಿಂದ ದೇಹದಲ್ಲಿ ಏನೂ ಉಳಿದಿರುವುದಿಲ್ಲ. ಅದೇ ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದು, ಬೇರೆ ತಟ್ಟೆ ಲೋಟ ಇಡುವ ಅಗತ್ಯವಿಲ್ಲ. ಈ ಅನುಮಾನದಿಂದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಸಿಗೆ ಹಾಕಿಸಿಕೊಂಡವರಿದ್ದಾರೆ ಎಂದು ಆಶಾ ಕಾರ್ಯಕರ್ತೆಯೊಬ್ಬರು ಹೇಳಿದಾಗ ಸಭೆಯಲ್ಲಿ ಹಲವರು ತಲೆಯಾಡಿಸಿದರು.

ಬರೀ ಹಾರ್ಮೋನ್ ಮಾತ್ರೆಯಲ್ಲೇ ಗುಣವಾಗುವುದಿಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಕೆಳದರ್ಜೆಯ, ಒಳಪದರಕ್ಕಷ್ಟೇ ಸೀಮಿತವಾದ ರೋಗದಲ್ಲಿ ಕೆಲವರಿಗೆ ಗುಣ ಕಾಣುತ್ತದೆ. ಆದರೆ ನಿಲ್ಲಿಸಿದ ಮೇಲೆ ಮರುಕಳಿಸುವುದು ಸಾಮಾನ್ಯ, ಮಾತ್ರೆಗಳಿಂದ ತೂಕವೂ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚಬಹುದು. ವಿಕಿರಣಕ್ಕೂ ಬರಲಾಗದಷ್ಟು ನಿತ್ರಾಣರಾದವರಿಗೆ, ಅಥವಾ ಶಸ್ತ್ರಚಿಕಿತ್ಸೆಗೆ ದೇಹವನ್ನು ಅಣಿಗೊಳಿಸುವ ಅವಧಿಗೆ ಅದು ತಕ್ಕುದು.

ಇದೆಲ್ಲ ಎಲ್ಲಿ ಸಿಗುತ್ತದೆ ಎಂಬುದು ಅತಿ ಹೆಚ್ಚು ಮಂದಿ ಕೇಳಿದ ಪ್ರಶ್ನೆ. 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ದಾವಣಗೆರೆ ಸುತ್ತಲಿನವರಿಗೆ ಆಸ್ಪತ್ರೆಯ ಊರು. ಚೂರು ತೆಗೆಯುವುದು, ಸ್ಕ್ಯಾನ್, ಎಂಆರ್‌ಐ, ಹೃದಯದ ಎಕೋ, ಇವಕ್ಕಾಗಿ ಚನ್ನಗಿರಿ, ಹೊಳಲ್ಕೆರೆಯವರು ಈ ಊರನ್ನು ದಾಟಿ ಹೋಗಬೇಕಿಲ್ಲ. ವಿಕಿರಣಕ್ಕೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೋಗುವವರು ಬಹಳ. ಎಲ್ಲಿಗೇ ಹೋಗಿ, ಕೇಳಬೇಕಾದ್ದು ಎರಡು ಪ್ರಶ್ನೆ: ಬ್ರಾಕಿಥೆರಪಿ ಯಂತ್ರ ಈಗ ನಡೆಯುತ್ತಿದೆಯೇ, ಗರ್ಭಕೋಶ ತೆಗೆಯದ ರೋಗಿಗೆ ಎರಡು ಕೊಳವೆಯ ಸಾಧನ ಇದೆಯೇ? ಗರ್ಭಕಂಠದ ಕ್ಯಾನ್ಸರ್ ನಮ್ಮಲ್ಲಿ ಹೆಚ್ಚಿರುವುದರಿಂದ ಯಂತ್ರವೂ, ಗರ್ಭಕೋಶದೊಳಗೆ ಕೊಳವೆ ಇಡುವ ನುರಿತ ಕೈಗಳೂ ನಮ್ಮ ರಾಜ್ಯದಲ್ಲಿ ಇವೆ, ಇದು ಶ್ರೀಮಂತ ದೇಶಗಳ ಹಲವು ಕೇಂದ್ರಗಳಿಗಿಂತ ನಮಗಿರುವ ಅನುಕೂಲ ಎಂದೇ ನಾನು ತಿಳಿಯುತ್ತೇನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಅವಕಾಶವಿದೆ. ಆಧಾರ್, ರೇಷನ್ ಕಾರ್ಡು, ಸರ್ಕಾರಿ ಆಸ್ಪತ್ರೆಯಿಂದ ಬರೆಸಿಕೊಂಡ ರೆಫರಲ್ ಚೀಟಿ ಜೊತೆಗಿರಲಿ. ಕ್ಯಾನ್ಸರ್ ರೋಗಿಗೂ ಜೊತೆಗೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ವಾರಕ್ಕೊಮ್ಮೆ ಹೋಗಿಬರುವ ಬ್ರಾಕಿಥೆರಪಿಗೆ ಇಷ್ಟು ಸಾಕಾಗುತ್ತದೆ. ಐದು ವಾರ ದಿನಾ ಕೊಡುವ ವಿಕಿರಣಕ್ಕೆ ಮಾತ್ರ ಆಸ್ಪತ್ರೆಯ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿಯುವ ಏರ್ಪಾಡು ಮೊದಲೇ ಆಗಬೇಕು. ದುಗ್ಗಮ್ಮನ ಜಾತ್ರೆಗೆಂದು ನಡುವೆ ಒಂದು ವಾರ ತಪ್ಪಿಸಿದರೆ, ಉಳಿದ ರೋಗಕಣಗಳು ಚೇತರಿಸಿಕೊಳ್ಳಲು ಆ ಒಂದು ವಾರ ಸಾಕು.

ಕೊನೆಯದಾಗಿ ತಪಾಸಣೆಯ ಮಾತು. ಇಲ್ಲಿ ಗರ್ಭಕೋಶ ದೇಹದಲ್ಲೇ ಉಳಿದಿರುತ್ತದೆ, ಆದ್ದರಿಂದ ಮೊದಲೆರಡು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಬೇಕು. ಚಿಕಿತ್ಸೆ ಮುಗಿದ ಕೆಲವು ತಿಂಗಳ ನಂತರ ಎಂಆರ್‌ಐ ಮಾಡಿಸಿದರೆ ಗಡ್ಡೆ ಕರಗಿದೆಯೇ ಎಂಬುದು ತಿಳಿಯುತ್ತದೆ. ಒಮ್ಮೆ ನಿಂತ ರಕ್ತ ಮತ್ತೆ ಕಂಡರೆ ಮತ್ತೆ ಚೂರು ಪರೀಕ್ಷೆ ಆಗಬೇಕು. ಜ್ವರ, ಕೆಳಹೊಟ್ಟೆ ನೋವು, ದುರ್ವಾಸನೆಯ ಸ್ರಾವ ಒಟ್ಟಿಗೆ ಬಂದರೆ, ವಿಕಿರಣದಿಂದ ಗರ್ಭಕಂಠ ಮುಚ್ಚಿಕೊಂಡು ಒಳಗೆ ಕೀವು ತುಂಬಿರಬಹುದು, ಅದು ಅಂದೇ ತೋರಿಸಬೇಕಾದ ಲಕ್ಷಣ. ರೋಗ ಗರ್ಭಕೋಶದಲ್ಲಿ ಮರಳಿದವರಲ್ಲಿ ಕೆಲವರ ಹೃದಯ ಅಷ್ಟರೊಳಗೆ ಸುಧಾರಿಸಿ, ಶಸ್ತ್ರಚಿಕಿತ್ಸೆ ಸಾಧ್ಯವಾಗಿದ್ದೂ ಉಂಟು. ಯಾವುದಕ್ಕೂ ಹಳೆಯ ಕಾಗದ ಬೇಕು: ಎಷ್ಟು ಗ್ರೇ, ಎಷ್ಟು ಬಾರಿ, ಯಾವ ದಿನಾಂಕ ಎಂದು ಬರೆದಿರುವ ಚಿಕಿತ್ಸೆಯ ಸಾರಾಂಶದ ಹಾಳೆ. ಬಿಡುಗಡೆಯ ದಿನ ಅದನ್ನು ಕೇಳಿ ಪಡೆದು, ಒಂದು ಜೆರಾಕ್ಸ್ ಮಾಡಿಸಿ, ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.